ಗೂಡಿಲ್ಲದ ಗೋಡೆ

ಟೆಂಪೋ ದಾರಿಯಲ್ಲೇ ಕೆಟ್ಟು ನಿಲ್ಲಬಹುದಿತ್ತು. ಅಲ್ಮಾರಿಯ ಕನ್ನಡಿ ಒಡೆಯಬಹುದಿತ್ತು. ಹಗ್ಗ ಸಡಿಲಾಗಿ ಹಿತ್ತಾಳೆ ಹಂಡೆ ಉರುಳಿ, ಹಿಂದೆ ಬರುವ ಸೈಕಲ್ಲಿನವನ ತಲೆಗೆ ಬಡಿಯಬಹುದಿತ್ತು. ಅಪ್ಪ, ಕಾಕಾ ಬೀದಿಯಲ್ಲೇ ಕೈಕೈ ಮಿಲಾಯಿಸಬಹುದಿತ್ತು. ಆಯಿಗೆ ಎದೆನೋವು ಬರಬಹುದಿತ್ತು. ಗೋಣಿತಟ್ಟಿನ ವಾಸನೆ ಮೂಗಿಗೆ ಬಡಿದರೆ ಸಾಕು, ಈ ಹಳೆಯ ಚಿಂತೆಗಳು ಇವತ್ತಿಗೂ ಸಾಲಾಗಿ ಬಂದು ಕೂರುತ್ತವೆ. ಮೊನ್ನೆ ಜಗತ್ ಸರ್ಕಲ್ಲಿನ ಹತ್ತಿರ ಯಾವುದೋ ಅಂಗಡಿಯ ಸಾಮಾನಿಗೆ ಗೋಣಿ ಸುತ್ತಿ ಲಾರಿಗೇರಿಸುತ್ತಿದ್ದರು. “ಅಕ್ಕಾರ, ಗಾಡಿ ಜರಾ ಶಿಫ್ಟ್ ಮಾಡ್ರೀ,” ಎಂದ ಹಮಾಲ. ನಾನು ನೋಡಿದ ನೋಟಕ್ಕೆ ಪಾಪ ಅವನು ಎರಡು ಹೆಜ್ಜೆ ಹಿಂದೆ ಸರಿದ. ತಪ್ಪು ಅವನದಲ್ಲ. ‘ಶಿಫ್ಟ್’ ಎಂಬ ಆ ಶಬ್ದದ ಮೇಲೆ ನನಗೆ ಚಿಕ್ಕಂದಿನ ಹಗೆಯಿದೆ.

ಖೂಬಾ ಪ್ಲಾಟಿನ ನಮ್ಮ ಮನೆಯೊಳಗೆ ಅದನ್ನು ತಂದವನು ಅಪ್ಪನ ತಮ್ಮ, ನಮ್ಮ ಕಾಕಾ. ಶಹಾಬಾದ ಕಲ್ಲು ಹಾಸಿದ, ಬೇಸಿಗೆಯಲ್ಲೂ ಅಂಗಾಲು ತಣ್ಣಗಿಡುತ್ತಿದ್ದ ಆ ಮನೆಯ ಅಡುಗೆಕೋಣೆಯ ಗೋಡೆಯಲ್ಲಿ, ಸಣ್ಣಪುಟ್ಟ ಪಾತ್ರೆ ಇಡುವಷ್ಟು ಒಂದು ಗೂಡಿತ್ತು. ಅಪ್ಪನ ತಾಯಿ, ನಮ್ಮ ಆಯಿ, ಆ ಗೋಡೆಗೆ ಬೆನ್ನು ಕೊಟ್ಟು ಬಸಿಯಲ್ಲಿ ಚಹಾ ಸುರುವಿಕೊಂಡು ಕುಡಿದು, ಮಾತು ನಿಲ್ಲಿಸದೆ, ತಿರುಗಿಯೂ ನೋಡದೆ, ಎಡಗೈ ಮೇಲೆತ್ತಿ ಕಪ್ಪು-ಬಸಿಯನ್ನು ಆ ಗೂಡಿನಲ್ಲಿಡುತ್ತಿದ್ದಳು. ರಾತ್ರಿ ನಾನು ಮಲಗುತ್ತಿದ್ದದ್ದು ಅವಳ ಕೌದಿಯಲ್ಲೇ. ಅಣ್ಣತಮ್ಮಂದಿರ ಮಾತು ನಿಂತು, ಮನೆ ಮಾರುವುದೆಂದಾದಾಗ ಕಾಕಾ ನಡುಮನೆಯಲ್ಲಿ ನಿಂತು ಹೇಳಿದ: “ಕಮಲಾಪುರದಾಗ ನನ್ನ ಹೊಸಾ ಮನಿ ತಯಾರದ. ಆಯಿನ್ನ ಅಲ್ಲಿಗೆ ಶಿಫ್ಟ್ ಮಾಡ್ತೀನಿ.”

“ಅಕಿ ಏನ್ ಅಲ್ಮಾರಿ ಏನೋ?” ಅಂದ ಅಪ್ಪ. ಅಂದನೇ ಹೊರತು, ತನ್ನ ಎರಡು ಕೋಣೆಯ ಬಾಡಿಗೆ ಮನೆಗೆ ಬಾ ಎಂದು ಕರೆಯಲಿಲ್ಲ.

ಅವ್ವ ಕಾಕಿಗೆ ಕೇಳುವಂತೆ ನನಗೆ ಹೇಳಿದಳು: “ನೋಡ್ತಾ ಇರು, ಹಿತ್ತಾಳಿ ಹಂಡೆ ಮೊದಲ ಶಿಫ್ಟ್ ಆಗ್ತದ. ಅತ್ತಿಯಾರು ಆಮ್ಯಾಲ.”

ಆಯಿ ಬಸಿಯಿಂದ ಬಾಯಿ ತೆಗೆಯದೆ ಅಂದಳು: “ಹಂಡೆ ಅಳಂಗಿಲ್ಲ ನೋಡವಾ, ಅದಕ್ಕ ಅದರ ಮ್ಯಾಲ ಎಲ್ಲಾರಿಗೂ ಪ್ರೀತಿ.”

ಯಾರೂ ನಗಲಿಲ್ಲ. ಬರುತ್ತೀಯಾ ಎಂದು ಅವಳನ್ನು ಯಾರೂ ಕೇಳಲೂ ಇಲ್ಲ.

ದೊಡ್ಡವಳಾದ ಮೇಲೆ ಒಂದು ದಪ್ಪ ನಿಘಂಟಿನಲ್ಲಿ ಈ ಶತ್ರುವಿನ ಕುಲಗೋತ್ರ ಹುಡುಕಿದೆ. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಹೊಂದಿಸು, ಪಾಲು ಮಾಡು, ಹಂಚು ಎಂದಿತ್ತಂತೆ. ಜಾಗ ಬದಲಿಸುವ ಅರ್ಥ ಆಮೇಲಿನದು. ಓದಿ ಮೈ ಉರಿಯಿತು. ಮೊದಲು ಪಾಲು, ಆಮೇಲೆ ಸಾಗಾಟ: ನಮ್ಮ ಮನೆಯ ಕಥೆಯನ್ನೇ ನೋಡಿ ಬರೆದಂತಿತ್ತು. ಈಗ ನಮ್ಮೂರಲ್ಲಿ ಅದಿಲ್ಲದೆ ದಿನ ಹೋಗುವುದಿಲ್ಲ. ಆಫೀಸು ಶಿಫ್ಟ್, ಪೇಷಂಟು ಶಿಫ್ಟ್, ಮದುವೆಯ ತಾರೀಖೂ ಶಿಫ್ಟ್. ನನ್ನ ಮನೆಯಲ್ಲಿ ಮಾತ್ರ ಆ ಶಬ್ದಕ್ಕೆ ಪ್ರವೇಶವಿಲ್ಲ. ಫ್ರಿಜ್ಜನ್ನು ನಾವು ‘ಸರಿಸುತ್ತೇವೆ’. ಮಕ್ಕಳು ನನ್ನ ಬೆನ್ನ ಹಿಂದೆ ನಗುತ್ತಾರೆ, ಗೊತ್ತಿದೆ.

ಆಯಿಯನ್ನು ಸಾಗಿಸಿದ ದಿನ ಹಟ ಹಿಡಿದು ನಾನೂ ಟೆಂಪೋ ಹತ್ತಿದ್ದೆ. ಊರು ದಾಟಿ ಕಮಲಾಪುರ ಮುಟ್ಟುವವರೆಗೆ ಒಂದು ಕೈಯಲ್ಲಿ ಹಂಡೆಯ ಹಗ್ಗ, ಇನ್ನೊಂದರಲ್ಲಿ ಆಯಿಯ ಸೆರಗು. ನಾನು ಹೆದರಿದ್ದು ಯಾವುದೂ ಆಗಲಿಲ್ಲ. ಹಂಡೆಗೆ ನಗ್ಗು ಬೀಳಲಿಲ್ಲ, ಕನ್ನಡಿಗೆ ಗೀರು ಬೀಳಲಿಲ್ಲ. ಆಯಿ ಅಳಲೂ ಇಲ್ಲ. ಸುಣ್ಣದ ವಾಸನೆ ಆರದ ಹೊಸ ಅಡುಗೆಮನೆಯಲ್ಲಿ ಕಾಕಿ ಚಹಾ ಕೊಟ್ಟಳು. ಆಯಿ ನುಣ್ಣನೆಯ ಗೋಡೆಗೆ ಬೆನ್ನು ಕೊಟ್ಟು ಕೂತು ಕುಡಿದಳು.

“ನಿಮ್ಮವ್ವಗ ಹೇಳು, ಹಂಡೆ ಛಲೋ ಮುಟ್ಟ್ಯದಂತ,” ಎಂದು ನನ್ನನ್ನೇ ನೋಡುತ್ತ, ಎಡಗೈ ಮೇಲೆತ್ತಿ, ಇಡಬೇಕಾದಲ್ಲಿ ಕಪ್ಪು-ಬಸಿ ಇಟ್ಟಳು.

ಅಲ್ಲಿ ಗೂಡಿರಲಿಲ್ಲ. ಆ ದಿನ ಒಡೆದದ್ದು ಅದೊಂದೇ.