ಸಾಹೇಬರು ಓದದೆ ಬಿಟ್ಟ ಸಾಲು

ಮೊನ್ನೆ ದಾಂಡೇಲಿಯಿಂದ ಒಂದು ಕಟ್ಟು ಬಂತು. ಬಿಚ್ಚಿದೊಡನೆ ಝೆರಾಕ್ಸ್ ಮಸಿಯ ವಾಸನೆ ಮೂಗಿಗೆ ಬಡಿಯಿತು. ನಮ್ಮ ಭಾಗದ ಸಂಸದರಾಗಿದ್ದು ಈಗ ತೀರಿಹೋಗಿರುವ ಸಾಹೇಬರು ಲೋಕಸಭೆಯಲ್ಲಿ ಆಡಿದ ಮಾತುಗಳನ್ನೆಲ್ಲ ಪುಸ್ತಕ ಮಾಡಲು ಅವರ ಗೆಳೆಯರು ಹೊರಟಿದ್ದಾರೆ. ಸಾಹೇಬರು ಮಾತಾಡಿದ್ದು ಕನ್ನಡದಲ್ಲಿ, ಕಡತದಲ್ಲಿ ಉಳಿದದ್ದು ಇಂಗ್ಲಿಷಿನಲ್ಲಿ. ಅದನ್ನು ಮತ್ತೆ ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆ ಭಾಷಣಗಳಲ್ಲಿ ಅರ್ಧದಷ್ಟನ್ನು ಬರೆದುಕೊಟ್ಟವನು ನಾನೇ ಎಂಬುದು ನನ್ನ ಹಳೆಯ ಜಂಬ. ಅದರೊಳಗೆ ನನ್ನದೊಂದು ಹಳೆಯ ಪಾಪವೂ ಇದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ, ಹೆಂಡತಿಗೂ.

ಶಾಲೆಯಿಂದ ನಿವೃತ್ತನಾದ ಮೇಲೆ ನಾನು ಹಳಿಯಾಳದಲ್ಲಿದ್ದ ಸಾಹೇಬರ ಕಚೇರಿಯಲ್ಲಿ ಕೂಡುತ್ತಿದ್ದೆ. ಅರ್ಜಿ ಬರೆಯುವುದು, ಬಂದವರಿಗೆ ಚಹಾ ಹೇಳುವುದು, ಉಳಿದ ಹೊತ್ತು ಪೇಪರು ಓದುವುದು. ಅಧಿವೇಶನ ಶುರುವಾದರೆ ಮಾತ್ರ ನನ್ನ ದರ್ಬಾರು. ಶೂನ್ಯ ವೇಳೆಯಲ್ಲಿ ಮಾತಾಡುವವರ ಹೆಸರನ್ನು ಚೀಟಿ ಎತ್ತಿ ಆರಿಸುತ್ತಾರೆ. ಹೆಸರು ಬಂತೆಂದರೆ ಸಾಹೇಬರು ದಿಲ್ಲಿಯಿಂದ ಫೋನು ಮಾಡುತ್ತಿದ್ದರು. ಸಿಗುವುದು ಎರಡು ಮೂರು ನಿಮಿಷ, ಆಮೇಲೆ ಅಧ್ಯಕ್ಷರು ಗಂಟೆ ಬಾರಿಸುತ್ತಾರೆ. ಹಾಗಾಗಿ ಅವರದು ಒಂದೇ ಕಟ್ಟಳೆ.

"ಒಬ್ಬರ ಸುದ್ದಿ ಬರೀರಿ ಮಾಸ್ತರ. ಲೆಕ್ಕ ಹೇಳಾಕ ಮಂತ್ರಿಗಳದಾರ."

ನಾನು ಬರೆದು, ಗೋಡೆಯ ಗಡಿಯಾರ ನೋಡುತ್ತ ಹೆಂಡತಿಯ ಮುಂದೆ ಗಟ್ಟಿಯಾಗಿ ಓದುತ್ತಿದ್ದೆ. ಆಕೆ ಅವರೆಕಾಯಿ ಸುಲಿಯುತ್ತಲೇ ಇದ್ದರೆ ಭಾಷಣ ಸಪ್ಪೆ ಎಂದರ್ಥ. ಕೈ ನಿಂತರೆ ಪಾಸು. ಲೋಕಸಭೆಯವರಿಗಿಂತ ಮೊದಲು ನಮ್ಮ ಪಡಸಾಲೆಯಲ್ಲಿ ಒಪ್ಪಿಗೆಯಾಗಬೇಕಿತ್ತು ಅನ್ನಿ.

ಆ ಸಲದ ಸಂಗತಿ ಮೊಬೈಲ್ ಟವರಿನದು. ಸಾಂಬ್ರಾಣಿಯಿಂದಾಚೆ ಕಾಡಿನಂಚಿನಲ್ಲಿ ಸಿದ್ದಿ ಜನರ ಒಂದು ಕೇರಿಯಿದೆ. ಅಲ್ಲಿ ಫೋನು ಹತ್ತಬೇಕಾದರೆ ಮೊದಲು ಮನುಷ್ಯ ಗುಡ್ಡ ಹತ್ತಬೇಕಿತ್ತು. ಆ ಕೇರಿಯ ಜುಲ್ಯಾನಬಾಯಿಗೆ ಹೊಲದಲ್ಲಿ ಹಾವು ಕಚ್ಚಿತು. ಆಂಬುಲೆನ್ಸು ಕರೆಯುವಂತಿರಲಿಲ್ಲ. ಕೇರಿಯವರು ಹಳೆಯ ಬಟ್ಟೆ ಜೋಡಿಸಿ ಆಕೆಯೇ ಹೊಲಿದ ಕೌದಿಯನ್ನು ಬಿದಿರಿಗೆ ಕಟ್ಟಿ, ಅದರಲ್ಲಿ ಆಕೆಯನ್ನು ಮಲಗಿಸಿ, ಡಾಂಬರು ರಸ್ತೆಯವರೆಗೆ ಹೊತ್ತು ತಂದರು. ಅಲ್ಲಿಂದ ಹಳಿಯಾಳದ ಆಸ್ಪತ್ರೆಗೆ ಮುಟ್ಟಿಸಿದ ಟೆಂಪೋದವನು ನಮ್ಮ ಕಚೇರಿಯ ಮುಂದಿನ ಚಹಾದಂಗಡಿಯಲ್ಲಿ ಇದನ್ನೆಲ್ಲ ಹೇಳಿ, ಮುದುಕಿ ಉಳಿಯೋದು ಅನುಮಾನ ಅಂದ.

ಮರುದಿನ ಬೆಳಿಗ್ಗೆಯೇ ಸಾಹೇಬರ ಫೋನು. ಹತ್ತರೊಳಗೆ ಬೇಕು. ಬರೆಯಲು ಕೂತೆ. ಕೌದಿ ಬಂತು, ಬಿದಿರು ಬಂತು, ಹೆಂಡತಿಯ ಕೈ ಇನ್ನೂ ಅವರೆಕಾಯಿ ಬಿಟ್ಟಿರಲಿಲ್ಲ. ಆಗ ಕೊನೆಗೊಂದು ಸಾಲು ಸೇರಿಸಿದೆ: "ತಾನೇ ಹೊಲಿದ ಕೌದಿಯಲ್ಲಿ ಆ ತಾಯಿ ಕೊನೆಯುಸಿರೆಳೆದಳು." ಹೆಂಡತಿಯ ಕೈ ನಿಂತಿತು. ಟೆಂಪೋದವನು ಅನುಮಾನ ಅಂದಿದ್ದ, ನಾನು ಅನುಮಾನವನ್ನು ತೆಗೆದುಹಾಕಿದ್ದೆ. ಮೊಬೈಲಿನಲ್ಲಿ ಕಳಿಸಿ, ನನ್ನ ಬೆನ್ನು ನಾನೇ ತಟ್ಟಿಕೊಂಡು ಊಟ ಮಾಡಿದೆ.

ಮಧ್ಯಾಹ್ನ ಬಸ್‌ಸ್ಟ್ಯಾಂಡಿನಲ್ಲಿ ಅದೇ ಟೆಂಪೋದವನು ಸಿಕ್ಕು, ಮುದುಕಿ ಎದ್ದು ಕೂತು ಗಂಜಿ ಕುಡಿಯುತ್ತಿದ್ದಾಳೆ ಎಂದ. ಕೇಳಿ ಸಂತೋಷವಾಗಬೇಕಿತ್ತು. ನನಗೆ ಬೆವರು ಬಂತು. ಒಂದು ಜೀವ ಉಳಿಯಿತೆಂದರೆ ಬೆವರುವ ಮನುಷ್ಯನನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ? ದಿಲ್ಲಿಯಲ್ಲಿ ಶೂನ್ಯ ವೇಳೆ ಮುಗಿದುಹೋಗಿತ್ತು. ಲೋಕಸಭೆಯ ಕಡತವೆಂದರೆ ನಮ್ಮ ಶಾಲೆಯ ಹಾಜರಿ ಪುಸ್ತಕವಲ್ಲ, ರಬ್ಬರು ಹಾಕಿ ಉಜ್ಜಲು ಬರುವುದಿಲ್ಲ.

ಸಾಹೇಬರು ಊರಿಗೆ ಬಂದಾಗ ಆ ಮಾತನ್ನೇ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಎರಡು ಮಳೆಗಾಲ ಕಳೆದು ಟವರು ಬಂತು. ಜುಲ್ಯಾನಬಾಯಿ ಹಳಿಯಾಳದ ಸಂತೆಗೆ ಸೌತೆಕಾಯಿ ತಂದು ಮಾರುವಷ್ಟು ಗಟ್ಟಿಯಾದಳು. ಆಕೆ ಕೂತ ಸಾಲನ್ನು ಬಿಟ್ಟು ನಾನು ಆಚೆ ಸಾಲಿನಲ್ಲಿ ಹಾಯುತ್ತಿದ್ದೆ. ನಮ್ಮ ಮನೆಗೆ ವರ್ಷಗಟ್ಟಲೆ ಬಾಡಿದ ಸೌತೆಕಾಯಿಯೇ ಬಂದದ್ದು ಇದರಿಂದ. ಸಾಹೇಬರು ಹೋದ ಮೇಲೆ ಕೇಳುವ ದಾರಿಯೂ ಮುಚ್ಚಿತು.

ಈಗ ಪುಸ್ತಕವಾದರೆ? ಕೇರಿಯ ಮಕ್ಕಳು ಓದು ಬಲ್ಲವರು. ಬದುಕಿರುವ ಅಜ್ಜಿ ದಿಲ್ಲಿಯಲ್ಲಿ ಸತ್ತದ್ದನ್ನು ಅವರು ಅಚ್ಚಿನಲ್ಲಿ ಓದುತ್ತಾರೆ. ಮೂರು ದಿನ ಆ ಪುಟವನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾಡಿದೆ. ನಾಲ್ಕನೆಯ ದಿನ ಅದೊಂದೇ ಉಳಿಯಿತು. ಕನ್ನಡಕ ಒರೆಸಿಕೊಂಡು ಓದಿದೆ. ಕೌದಿ ಇತ್ತು, ಬಿದಿರೂ ಇತ್ತು. ಕೊನೆಗೆ, ನನ್ನ ಸಾಲು ಇರಬೇಕಾದಲ್ಲಿ, ಹೀಗಿತ್ತು: "ಅಧ್ಯಕ್ಷರೇ, ಆಕೆ ಬದುಕಿದ್ದಾಳೆ. ಬದುಕಿಸಿದ್ದು ನೆರೆಯವರ ಹೆಗಲು. ಸರಕಾರ ಆ ಹೆಗಲಿನ ಮೇಲೆಯೇ ಎಷ್ಟು ದಿನ ಕೂತಿರಬೇಕು?"

ಎರಡು ಸಲ ಓದಿದೆ. ಎಷ್ಟೋ ವರ್ಷ ಹೊತ್ತ ಗಂಟು ಒಮ್ಮೆಲೇ ಇಳಿದಂತಾಗಿ, ಸುಳ್ಳೇಕೆ ಹೇಳಲಿ, ಅತ್ತೆ. ಹೆಂಡತಿ ಒಳಗಿನಿಂದ ಏನಾಯಿತೆಂದು ಕೇಳಿದಳು. ಎಲ್ಲ ಹೇಳಿದೆ. ಇಷ್ಟಕ್ಕಾಗಿ ನನಗೆ ಬಾಡಿದ ಸೌತೆಕಾಯಿ ತಿನಿಸಿದಿರಾ ಎಂದು ಬೈದಳು.

ಅಂದೇ ಮಧ್ಯಾಹ್ನ ಆ ಪುಟವನ್ನು ಕನ್ನಡಕ್ಕಿಳಿಸಿ ಜೇಬಿನಲ್ಲಿಟ್ಟುಕೊಂಡು ಸಾಂಬ್ರಾಣಿಯ ಬಸ್ಸು ಹತ್ತಿದೆ. ಜುಲ್ಯಾನಬಾಯಿ ಅಂಗಳದಲ್ಲಿ ಹಳೆಯ ಸೀರೆಯ ತುಂಡುಗಳನ್ನು ಹರವಿಕೊಂಡು ಕೌದಿ ಹೊಲಿಯುತ್ತಿದ್ದಳು. ತಲೆ ಪೂರಾ ಬೆಳ್ಳಗಾಗಿತ್ತು. ನಾನು ಮಾಡಿದ ತಪ್ಪನ್ನು ತೊದಲುತ್ತ ಹೇಳತೊಡಗಿದೆ. ಆಕೆ ಸೂಜಿ ನಿಲ್ಲಿಸಲಿಲ್ಲ.

"ಗೊತ್ತೈತ್ರಿ ಮಾಸ್ತರ. ಆವತ್ತ ಸಭಾದಾಗ ಮಾತಾಡೂಕಿಂತ ಮೊದಲ ಸಾಹೇಬ್ರು ದವಾಖಾನಿಗೆ ಫೋನ್ ಮಾಡಿ, ನನ್ನ ಕೈಯಾಗ ಕೊಡ್ರಿ ಅಂದ್ರು. ನಿನ್ನ ಹೆಸರ ಇಲ್ಲಿ ದಿಲ್ಲಿಯಾಗ ಹೇಳಲೇನಬೇ ಅಂತ ಕೇಳಿದ್ರು. ನೀವು ಬರೆದಿದ್ದನ್ನ ಓದಿ ತೋರಿಸಿದ್ರು, ಕಡೀ ಸಾಲಿನ ಮಟಾ."

"ನೀ ಏನಂದಿ?"

"ನಕ್ಕೆ. ಸತ್ತ ಸುದ್ದಿ ಹಬ್ಬಿದ್ರ ಆಯುಷ್ಯ ಹೆಚ್ಚಾಕ್ಕೈತಿ, ಮಾಸ್ತರಿಗೆ ಏನೂ ಅನಬ್ಯಾಡ್ರಿ ಅಂದೆ."

ಅಂದರೆ ಸಾಹೇಬರು ನನ್ನನ್ನು ಬೈಯದಿದ್ದುದು ಈಕೆಗೆ ಕೊಟ್ಟ ಮಾತಿಗೆ. ಸಾಯಿಸಿದವನ ಮಾನವನ್ನು ಸತ್ತವಳೇ ಕಾಯ್ದಿದ್ದಳು. ನಾನು ಸಂತೆಯಲ್ಲಿ ಮುಖ ತಪ್ಪಿಸಿದ್ದನ್ನೂ ಆಕೆ ಪ್ರತಿ ವಾರ ನೋಡಿದ್ದಳಂತೆ, ನಾಚಿಕೊಳ್ಳುವವನನ್ನು ಕೂಗಿ ಕರೆಯುವುದು ಹೇಗೆಂದು ಸುಮ್ಮನಿದ್ದಳಂತೆ.

ಓದ್ರಿ ನೋಡೂಣು ಅಂದಳು. ನಿಂತುಕೊಂಡೇ ಓದಿದೆ, ಲೋಕಸಭೆಯಲ್ಲಿ ಓದುವ ಹಾಗೆ. "ಆಕೆ ಬದುಕಿದ್ದಾಳೆ" ಎಂಬಲ್ಲಿಗೆ ಬಂದಾಗ ಜುಲ್ಯಾನಬಾಯಿಯ ಕೈಯಲ್ಲಿದ್ದ ಸೂಜಿ ನಿಂತಿತು.

ಹೊರಡುವಾಗ ನಾಲ್ಕು ಎಳೆಯ ಸೌತೆಕಾಯಿ ಕೈಗಿಟ್ಟು ಹೇಳಿದಳು, "ಇನ್ನ ಸಂತ್ಯಾಗ ನನ್ನ ಸಾಲಿಗೇ ಬರ್ರಿ."