ಕಾಜಕ್ಕನ ಸವಿಮಾತು

ದರ್ಜಿಯಂಗಡಿಯಲ್ಲಿ ಅಂಗಿಗಳಿಗೆ ಗುಂಡಿ ತೂರುವ ಕಾಜಾ ಹೊಲಿಯುತ್ತಿದ್ದ ತಾಯಿಯನ್ನು ಎಲ್ಲರೂ ಕಾಜಕ್ಕ ಎಂದೇ ಕರೆಯುತ್ತಿದ್ದರು. ಈಚೆಗೆ ಕಣ್ಣು ಮಂಜಾಗಿ ಅವರ ಹೊಲಿಗೆ ಸೊಟ್ಟಗಾಗತೊಡಗಿತ್ತು. ಮಾಲೀಕ ಯಾವಾಗ ಕೆಲಸ ಬಿಡಿಸುವನೋ ಎಂದು ಅವರು ಒಳಗೊಳಗೇ ದೇವರನ್ನು ನೆನೆಯುತ್ತಿದ್ದರು.

ಒಂದು ದಿನ ಗಿರಾಕಿಯೊಬ್ಬರು ಬಂದು ಹೊಸ ಅಂಗಿಯನ್ನು ಮೇಜಿನ ಮೇಲೆ ಎಸೆದರು. "ಹೊಟ್ಟೆ ಹತ್ರ ಗುಂಡಿನೇ ಕೂರ್ತಿಲ್ಲ. ಇದೇನು ಹೊಲಿಗೆನಾ?" ಮಾಲೀಕ ಅಂಗಿಯನ್ನು ಎತ್ತಿ ತಿರುಗಿಸಿ ನೋಡತೊಡಗಿದ.

ಕಾಜಕ್ಕ ಎದ್ದು ಬಂದರು. "ತಪ್ಪು ನಮ್ಮದೇ ಅಣ್ಣಾ. ಊಟ ಆದ್ಮೇಲೆ ಅಳತೆ ತಗೋಬೇಕಿತ್ತು. ಕೂತ್ಕೊಳ್ಳಿ, ಈಗಲೇ ಸಡಿಲ ಮಾಡಿಸಿ ಕೊಡ್ತೀವಿ."

ಗಿರಾಕಿ ಹೊಟ್ಟೆ ಹಿಡಿದುಕೊಂಡು ನಕ್ಕು ಕುಳಿತರು.

ಅವರು ಹೋದ ಮೇಲೆ ಮಾಲೀಕ ಹೇಳಿದ: "ಅಕ್ಕಾ, ನಾಳೆಯಿಂದ ಸೂಜಿ ಬಿಡಿ. ಬಂದೋರನ್ನ ನೀವೇ ಮಾತಾಡಿಸಿ."

ಕಣ್ಣಿನ ಬೆಳಕನ್ನು ಕುಗ್ಗಿಸಿದ ಭಗವಂತನು ನಾಲಿಗೆಯ ಸವಿಯನ್ನು ಉಳಿಸಿದ್ದ. ಆ ತಾಯಿಯ ಅನ್ನಕ್ಕೆ ಅದೇ ದಾರಿಯಾಯಿತು.