ಶ್ರುತಿ ನಿಂತ ಮೇಲೆ

ಸಂತೆಮರಹಳ್ಳಿಯ ಹಾಲಿನ ಡೇರಿಯಲ್ಲಿ ಬೆಳಗಿನ ಹೊತ್ತು ಹಾಲು ಪರೀಕ್ಷೆ ಮಾಡುವ ಶಿವರಂಜಿನಿ, ಸಂಜೆ ವೇದಿಕೆಯ ಮೇಲೆ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಾಳೆ ಎಂದರೆ ಹೊಸಬರು ನಂಬುತ್ತಿರಲಿಲ್ಲ. ಊರಿನವರಿಗೆ ಅದು ಹಳೆಯ ಸಂಗತಿ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತ ಹೆಂಗಸರು, "ನೆನ್ನೆ ಎಲ್ಲಿತ್ತಮ್ಮಿ ಪ್ರೋಗ್ರಾಮು?" ಎಂದು ಕೇಳುವರು. ಅವಳು ಯಾವುದೋ ಕಲ್ಯಾಣಮಂಟಪದ ಹೆಸರು ಹೇಳಿ, ಮುಂದಿನವರ ಕ್ಯಾನಿಗೆ ಕೈ ಚಾಚುವಳು.

ಅವಳ ಅಪ್ಪ ಪುಟ್ಟಮಾದು ಮದುವೆ ಮೆರವಣಿಗೆಗಳ ಬ್ಯಾಂಡ್‌ಸೆಟ್ಟಿನಲ್ಲಿ ಡ್ರಮ್ ಬಾರಿಸುತ್ತಿದ್ದವನು. ಮಗಳಿಗೆ ತಾಳ ತಪ್ಪದೆ ಹಾಡುವ ಗುಣವಿದೆ ಎಂದು ಗೊತ್ತಾದಾಗ, ಅವಳು ಇನ್ನೂ ಹೈಸ್ಕೂಲಿನಲ್ಲಿರುವಾಗಲೇ ಚಾಮರಾಜನಗರಕ್ಕೆ ಕರೆದುಕೊಂಡು ಹೋಗಿ ಕುಮಾರಸ್ವಾಮಿಯವರ ಮುಂದೆ ನಿಲ್ಲಿಸಿದ. ಕುಮಾರಸ್ವಾಮಿ ಆ ಕಡೆಯಲ್ಲೆಲ್ಲ ಹೆಸರಾದ ಆರ್ಕೆಸ್ಟ್ರಾ ನಡೆಸುತ್ತಿದ್ದರು. ಕೀಬೋರ್ಡಿನಲ್ಲಿ ಅವರ ಕೈ ನೀರಿನ ಹಾಗೆ ಹರಿಯುತ್ತಿತ್ತು. ಹುಡುಗಿಯ ಬೆರಳು ಹಿಡಿದು ನೋಡಿ, "ಇವಳು ಹಾಡೋದು ಬೇಡ ಮಾದು, ಗಿಟಾರ್ ಹಿಡೀಲಿ. ಹೆಣ್ಮಕ್ಕಳು ಯಾರೂ ಹಿಡಿಯಲ್ಲ ಈ ಕಡೆ" ಎಂದರು. ಪುಟ್ಟಮಾದು ಮೈಸೂರಿನಿಂದ ಒಂದು ಹಳೆಯ ಕೆಂಪು ಗಿಟಾರ್ ತಂದ. ಬಸ್ಸಿನಲ್ಲಿ ಅದನ್ನು ಸಾಮಾನಿಡುವ ಮೇಲಿನ ಕಂಬಿಗಳ ಮೇಲೆ ಇಡಲು ಒಪ್ಪದೆ, ದಾರಿಯುದ್ದಕ್ಕೂ ತೊಡೆಯ ಮೇಲೆ ಕೂಸಿನಂತೆ ಮಲಗಿಸಿಕೊಂಡು ಬಂದಿದ್ದ.

ಅವಳು ಚೆನ್ನಾಗಿ ನುಡಿಸಲು ಕಲಿಯುವ ಹೊತ್ತಿಗೆ ಪುಟ್ಟಮಾದು ತೀರಿಕೊಂಡ. ಆಗ ಮನೆಯ ಬಾಗಿಲಿಗೆ ಮೊದಲು ಬಂದವರು ಕುಮಾರಸ್ವಾಮಿ. ತಾಯಿ ಮರಿತಾಯಮ್ಮನಿಗೆ, "ನಿಮ್ಮ ಮಗಳು ನನ್ನ ಮಗಳಿದ್ದ ಹಾಗೆ" ಎಂದರು. ಅದು ಬಾಯಿಮಾತಾಗಿರಲಿಲ್ಲ. ಕಾರ್ಯಕ್ರಮ ಮುಗಿದರೆ ತಾವೇ ಜೊತೆ ಬಂದು ಮನೆ ಮುಟ್ಟಿಸುತ್ತಿದ್ದರು. ಹಬ್ಬಕ್ಕೆ ಸೀರೆ ಕಳಿಸುತ್ತಿದ್ದರು. ಶಿವರಂಜಿನಿ ಅವರನ್ನು 'ಸಾರ್' ಎನ್ನುತ್ತಿದ್ದಳು, ಮನಸ್ಸಿನಲ್ಲಿ ಮಾತ್ರ ಬೇರೆಯೇ ಜಾಗ ಕೊಟ್ಟಿದ್ದಳು.

ತೊಂದರೆ ಶುರುವಾದದ್ದು ಅವಳ ಹೆಸರು ನಾಲ್ಕು ಊರಿಗೆ ಹಬ್ಬಿದ ಮೇಲೆ. ಗಿಟಾರಿನ ಹೊಟ್ಟೆಯ ಮೇಲೆ ತಂತಿಗಳು ಕೂರುವ ಲೋಹದ ಭಾಗಕ್ಕೆ ಬ್ರಿಡ್ಜ್ ಎನ್ನುತ್ತಾರೆ. ಅದಕ್ಕೊಂದು ಕಡ್ಡಿ ಸಿಕ್ಕಿಸಿರುತ್ತದೆ. ಕಡ್ಡಿ ಒತ್ತಿದರೆ ತಂತಿ ಸಡಿಲಗೊಂಡು ಸ್ವರ ಜಾರುತ್ತದೆ, ಬಿಟ್ಟರೆ ಮೇಲೇರುತ್ತದೆ. ಜನ ಶಿಳ್ಳೆ ಹೊಡೆಯುತ್ತಿದ್ದದ್ದು ಅಲ್ಲಿಗೇ. ಆದರೆ ಹಳೆಯ ಬ್ರಿಡ್ಜು ಕೆಲವೊಮ್ಮೆ ಮೊದಲಿನ ಜಾಗಕ್ಕೆ ಸರಿಯಾಗಿ ಮರಳುತ್ತಿರಲಿಲ್ಲ, ಶ್ರುತಿ ಒಂದಿಷ್ಟು ಬೀಳುತ್ತಿತ್ತು. ಬರುಬರುತ್ತಾ, ಅವಳ ಒಂಟಿ ನುಡಿಕೆ, ಅಂದರೆ ಸೋಲೋ, ಬಂದಾಗಲೆಲ್ಲ ಗಿಟಾರ್ ಒಂದು ದಾರಿ, ಕೀಬೋರ್ಡ್ ಒಂದು ದಾರಿ ಆಗತೊಡಗಿತು.

"ಗಿಟಾರಿನ ದೋಷ ಅಲ್ಲ ಮಗು. ನಿನ್ನ ಕಿವೀದು" ಎಂದರು ಕುಮಾರಸ್ವಾಮಿ ಒಂದು ದಿನ, ಬಹಳ ಮೆತ್ತಗೆ. "ಬೇಜಾರು ಮಾಡ್ಕೋಬೇಡ. ಕೆಲವರಿಗೆ ಕಿವಿ ಅಷ್ಟೇ ಇರುತ್ತೆ."

ಒಂಟಿ ನುಡಿಕೆಗಳು ಒಂದೊಂದಾಗಿ ಕೀಬೋರ್ಡಿಗೆ ಹೋದವು. ಅವಳಿಗೆ ಉಳಿದದ್ದು ಹಿಂದೆ ನಿಂತು ತಾಳಕ್ಕೆ ತಂತಿ ಮೀಟುವ ಕೆಲಸ. ಡೇರಿಯಲ್ಲಿ ಕೂತಾಗಲೂ ಅವಳು ಒಳಗೊಳಗೇ ಸ್ವರ ಗುನುಗಿ, ಅದು ಸರಿಯೋ ತಪ್ಪೋ ತಿಳಿಯದೆ ಬಾಯಿ ಮುಚ್ಚಿಕೊಳ್ಳುವಳು. ಮನೆಯಲ್ಲಿ ಹಾಡುವುದನ್ನೂ ಬಿಟ್ಟಳು. ಮರಿತಾಯಮ್ಮ, "ಯಾಕಮ್ಮಿ, ಮೂಗಿ ಆಗ್ಬುಟ್ಯಾ?" ಎಂದಳು.

ತಂತಿಗಳನ್ನು ಎರಡೂ ತುದಿಯಲ್ಲಿ ಬಿಗಿಯಾಗಿ ಕಚ್ಚಿ ಹಿಡಿಯುವ ಬ್ರಿಡ್ಜ್ ಇದೆ, ಎಷ್ಟು ಜಗ್ಗಿದರೂ ಶ್ರುತಿ ಬೀಳುವುದಿಲ್ಲ ಎಂದು ಅವಳು ಫೋನಿನಲ್ಲಿ ನೋಡಿ ತಿಳಿದಳು. ಆನ್‌ಲೈನಿನಲ್ಲಿ ತರಿಸಿದಳು. ಜೊತೆಗೆ ಗಿಟಾರಿನ ತಲೆಗೆ ಕಚ್ಚಿಸುವ ಪುಟ್ಟ ಶ್ರುತಿಮಾಪಕವನ್ನೂ ತರಿಸಿದಳು. ತಂತಿ ಸರಿಯಾಗಿದ್ದರೆ ಅದರಲ್ಲಿ ಹಸಿರು ದೀಪ ಹತ್ತುತ್ತದೆ. ಕುಮಾರಸ್ವಾಮಿಯವರಿಗೆ ತೋರಿಸಿದಾಗ ಅವರ ಮುಖ ಸಣ್ಣಗಾಯಿತು.

"ಅಪ್ಪ ಕೊಡಿಸಿದ ಗಿಟಾರ್ ಕುಯ್ಯಿಸ್ತೀಯಾ? ಇದಕ್ಕೆಲ್ಲ ಮರ ಕೊರೀಬೇಕು ಮಗು. ಹಾಳಾಗುತ್ತೆ. ಆಮೇಲೆ ಮಷಿನ್ ನೋಡ್ಕೊಂಡು ಶ್ರುತಿ ಮಾಡೋನು ಸಂಗೀತಗಾರ ಅಲ್ಲ."

ಅವಳಿಗೆ ಅದು ಕಾಳಜಿಯ ಮಾತಾಗಿ ಕೇಳಿಸಿತು. ಆದರೂ ಗುಂಡ್ಲುಪೇಟೆಯ ಬಸ್ಸು ಹತ್ತಿದಳು. ಅಲ್ಲಿ ಊಟಿ ರಸ್ತೆಯ ಪಕ್ಕದಲ್ಲಿ ಅವಳ ಅಣ್ಣ ಶಿವರಾಮುವಿನ ಮರಗೆಲಸದ ಅಂಗಡಿ. ಮಂಚ, ಬಾಗಿಲು, ಅಂಗಡಿಗಳ ಕಪಾಟು ಅವನ ಕಸುಬು. ಗಿಟಾರನ್ನು ಬೆಂಚಿನ ಮೇಲೆ ಮಲಗಿಸಿ, ಸುತ್ತ ಎರಡು ಸಲ ತಿರುಗಿದ.

"ಒಂದ್ಸಲ ಕುಯ್ದ್ ಮೇಕೆ ಅಂಟ್ಸಕ್ಕಾಗಕಿಲ್ಲ ಕಣಮ್ಮಿ. ಯೋಚ್ನೆ ಮಾಡಿದ್ದೀಯಾ?"

"ಮಾಡೇ ಬಂದಿವ್ನಿ ಕಣಣ್ಣ. ಕುಯ್ಯಿ."

ಆದರೂ ಅವನು ಮೊದಲು ಗಿಟಾರ್ ಮುಟ್ಟಲಿಲ್ಲ. ಬ್ರಿಡ್ಜಿನ ಅಳತೆಗೆ ಪ್ಲೈವುಡ್ಡಿನಲ್ಲಿ ಕಿಟಕಿಯಂಥ ಅಚ್ಚು ಕತ್ತರಿಸಿ, ಬೇವಿನ ತುಂಡೊಂದಕ್ಕೆ ಬಿಗಿದು ಅದರಲ್ಲಿ ಗುಂಡಿ ಕೊರೆದು ನೋಡಿದ. ಬ್ರಿಡ್ಜು ಕೂತಿತು, ಹಿಂದೆ ಮುಂದೆ ಆಡಲು ಜಾಗ ಸಾಲಲಿಲ್ಲ. ಅಚ್ಚು ತಿದ್ದಿದ, ಇನ್ನೊಂದು ತುಂಡು ಕೊರೆದ. ಕತ್ತಿನ ಮೇಲಿನ ತುದಿಯಿಂದ ಬ್ರಿಡ್ಜಿನವರೆಗಿನ ದೂರ ಒಂದು ನೂಲು ತಪ್ಪಿದರೂ ಸ್ವರಗಳೆಲ್ಲ ತಪ್ಪುತ್ತವೆ ಎಂದು ಅವಳು ಹೇಳಿದ್ದರಿಂದ, ಅಳೆದದ್ದನ್ನೇ ಮತ್ತೆ ಅಳೆದ. ಆಮೇಲೆ ಕೆಂಪು ಬಣ್ಣ ಚಕ್ಕೆ ಏಳದಂತೆ ಮೈತುಂಬ ಟೇಪು ಅಂಟಿಸಿ, ಮರ ಕೊರೆಯುವ ರೂಟರ್ ಮಷಿನ್ ಕೈಗೆತ್ತಿಕೊಂಡ.

ಮಷಿನ್ ಮರಕ್ಕೆ ತಾಗಿದ ಸದ್ದಿಗೆ ಶಿವರಂಜಿನಿ ಕಣ್ಣು ಮುಚ್ಚಿದಳು. ಕೆಂಪು ಬಣ್ಣ ಪುಡಿಯಾಗಿ ಹಾರಿತು, ಅದರ ಕೆಳಗಿನಿಂದ ಹಳದಿ ಮರ ಹೊರಬಂತು. ಶಿವರಾಮು ಒಂದೇ ಸಲ ಆಳಕ್ಕೆ ಇಳಿಸಲಿಲ್ಲ. ಒಂದು ಪದರ ತೆಗೆದು, ಊದಿ, ಬೆರಳಾಡಿಸಿ ನೋಡಿ, ಇನ್ನೊಂದು ಪದರ. ಬೆನ್ನ ಕಡೆ ಸ್ಪ್ರಿಂಗ್ ಕೂರುವ ಗುಂಡಿಯನ್ನು ಅಗಲ ಮಾಡಿದ. ಬ್ರಿಡ್ಜಿಗೆ ಆಸರೆಯಾಗುವ ಎರಡು ಗೂಟಗಳಿಗೆ ತೂತು ಹಾಕುವಾಗ ಮಾತ್ರ, "ಉಸ್ರು ಬುಡಬ್ಯಾಡ" ಎಂದ, ತನಗೋ ಅವಳಿಗೋ. ಕತ್ತಿನ ತುದಿಯಲ್ಲಿ ತಂತಿ ಕಚ್ಚುವ ಬೀಗ ಕೂರಿಸುವಷ್ಟರಲ್ಲಿ ಸಂಜೆಯಾಗಿತ್ತು. ಅವಳು ತಂತಿ ಏರಿಸಿ, ಶ್ರುತಿ ಮಾಡಿ, ಬೀಗ ಬಿಗಿದು, ಕಡ್ಡಿಯನ್ನು ಮರಕ್ಕೆ ತಾಗುವವರೆಗೂ ಒತ್ತಿ ಬಿಟ್ಟಳು. ಹಸಿರು ದೀಪ. ಮತ್ತೆ ಒತ್ತಿದಳು. ಮತ್ತೆ ಹಸಿರು. ಎಷ್ಟೋ ದಿನದ ಮೇಲೆ ಅವಳು ಜೋರಾಗಿ ನಕ್ಕಳು.

ಆ ವಾರದ ಕಾರ್ಯಕ್ರಮದಲ್ಲಿ ಒಂದು ಒಂಟಿ ನುಡಿಕೆಯನ್ನು ಬೇಡಿ ಪಡೆದಳು. ಮೊದಲ ಹಾಡುಗಳಲ್ಲಿ ಎಲ್ಲ ಸರಿಯಿತ್ತು. ಅವಳ ಸರದಿ ಬಂತು, ಮೀಟಿದಳು, ಗಿಟಾರ್ ಮತ್ತೆ ಕೀಬೋರ್ಡಿಗಿಂತ ಕೆಳಗೆ ಒರಲಿತು. ಕುಮಾರಸ್ವಾಮಿ ಮೈಕಿನಲ್ಲೇ, "ಗಿಟಾರ್ ಸ್ವಲ್ಪ ಶ್ರುತಿ ನೋಡ್ಕೊಳಮ್ಮ" ಎಂದರು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಅವಳ ಕೈ ಅಭ್ಯಾಸಬಲದಿಂದ ತಂತಿ ಬಿಗಿಯುವ ತಿರುಗುಣಿಗೆ ಹೋಗಿ ನಿಂತಿತು. ತಂತಿಗೆ ಬೀಗ ಬಿದ್ದಿದೆ, ತಿರುಗಿಸಿ ಪ್ರಯೋಜನವಿಲ್ಲ.

ಮರುದಿನ ಅವಳು ಗುಂಡ್ಲುಪೇಟೆಗೆ ಹೋದದ್ದು ಜಗಳಕ್ಕೆ. "ನಿನ್ ಅಳತೆ ತಪ್ಪೋಗದೆ ಕಣಣ್ಣ. ಅಪ್ಪನ್ ಗಿಟಾರ್ ಹಾಳ್ ಮಾಡ್ಬುಟ್ಟೆ. ಎಲ್ಲರ ಮುಂದೆ ನನ್ ಮಾನ ಓಯ್ತು."

ಶಿವರಾಮು ಉಳಿ ಕೆಳಗಿಟ್ಟ. ಅವನ ಮುಖ ಕಪ್ಪಿಟ್ಟಿತು. "ಮೀಟು" ಎಂದಷ್ಟೇ ಹೇಳಿದ. ಅವಳು ಸಿಟ್ಟಿನಲ್ಲೇ ಮೀಟಿದಳು. ಹಸಿರು. ಕತ್ತಿನುದ್ದಕ್ಕೂ ಕಂಬಿಗಳ ನಡುವಿನ ಒಂದೊಂದು ಮನೆಯಲ್ಲಿ ಬೆರಳೊತ್ತಿ ನೋಡಿದಳು. ಹಸಿರು. ಕಡ್ಡಿ ಹಿಡಿದು ಸೇಡು ತೀರಿಸುವವಳಂತೆ ಜಗ್ಗಿದಳು. ಆಗಲೂ ಹಸಿರು. ನಿನ್ನೆಯಿಂದ ಅವಳು ಬೀಗ ತೆಗೆದಿರಲೇ ಇಲ್ಲ.

"ನನ್ ಕಡೆಯಿಂದ ಏನಾರ ತೆಪ್ಪಿದ್ರೆ ಏಳು. ಒಪ್ಕತೀನಿ" ಎಂದ ಅಣ್ಣ. ಅವಳು ಗಿಟಾರನ್ನು ಚೀಲಕ್ಕೆ ಹಾಕಿಕೊಂಡಳು. ವಾಪಸು ಬಸ್ಸಿನಲ್ಲಿ ಕೂತಾಗ ಅವಳಿಗೆ ಒಂದು ಯೋಚನೆ ಬಂತು. ಅದು ಎಂಥ ಯೋಚನೆಯೆಂದರೆ, ಅದನ್ನು ಯೋಚಿಸಿದ್ದಕ್ಕೇ ಅವಳು ತನ್ನ ಕೆನ್ನೆ ತಟ್ಟಿಕೊಂಡು ತಪ್ಪಾಯಿತು ಎಂದಳು.

ಮುಂದಿನ ಕಾರ್ಯಕ್ರಮ ಚಾಮರಾಜನಗರದಲ್ಲೇ, ಒಂದು ಆರತಕ್ಷತೆ. ಶಿವರಂಜಿನಿ ಫೋನಿನಲ್ಲಿ ಶ್ರುತಿ ತೋರಿಸುವ ಆ್ಯಪ್ ತೆರೆದು, ಕೀಬೋರ್ಡಿನ ಸ್ಪೀಕರಿಗೆ ಒರಗಿಸಿಟ್ಟಳು. ಅವಳ ಪ್ರಾರ್ಥನೆಯೆಲ್ಲ ತನ್ನ ಅನುಮಾನ ಸುಳ್ಳಾಗಲಿ ಎಂಬುದೇ. ಮೊದಲ ಹಾಡುಗಳಲ್ಲಿ ಆ್ಯಪಿನ ಮುಳ್ಳು ನಡುವೆ ನಿಂತಿತ್ತು. ಅವಳು ಮತ್ತೆ ಬೇಡಿ ಪಡೆದ ಒಂಟಿ ನುಡಿಕೆಯ ಹಾಡಿಗೆ ಮುಂಚೆ, ಚಪ್ಪಾಳೆಯ ಗದ್ದಲದಲ್ಲಿ, ಕುಮಾರಸ್ವಾಮಿಯವರ ಎಡಗೈ ಕೀಬೋರ್ಡಿನ ಪುಟ್ಟ ಪರದೆಯ ಪಕ್ಕದ ಗುಂಡಿಗಳನ್ನು ಒತ್ತಿತು. ಒಟ್ಟು ಶ್ರುತಿಯನ್ನೇ ಕೂದಲೆಳೆಯಷ್ಟು ಏರಿಸುವ ಸೌಲಭ್ಯ ಅದರಲ್ಲಿದೆ. ಹಾಡುವವರಿಗೆ ತಿಳಿಯುವುದಿಲ್ಲ, ಅವರು ಕೀಬೋರ್ಡಿನ ಶ್ರುತಿ ಹಿಡಿದೇ ಹಾಡುತ್ತಾರೆ. ಬೇಸ್ ಕೂಡ ಅದರಿಂದಲೇ ಬರುತ್ತದೆ. ಒಂಟಿಯಾಗುವುದು ಗಿಟಾರ್ ಒಂದೇ. ಕುಮಾರಸ್ವಾಮಿ ಉದ್ದನೆಯ ಸ್ವರವೊಂದನ್ನು ಹಿಡಿದರು. ಫೋನಿನ ಮುಳ್ಳು ಬಲಕ್ಕೆ, ಏರುಶ್ರುತಿಯ ಕಡೆಗೆ, ವಾಲಿತು. ಅವಳ ಗಿಟಾರಿನ ತಲೆಯ ಮೇಲೆ ದೀಪ ಹಸಿರಾಗಿಯೇ ಇತ್ತು.

ಆ ಹಾಡನ್ನು ಹೇಗೆ ಮುಗಿಸಿದಳೋ ಅವಳಿಗೆ ನೆನಪಿಲ್ಲ.

ಊಟದ ಬಿಡುವಿನಲ್ಲಿ ಕುಮಾರಸ್ವಾಮಿ ವೇದಿಕೆಯ ಹಿಂದೆ ಪಾಯಸ ಕುಡಿಯುತ್ತಿದ್ದರು. ಪಕ್ಕದಲ್ಲಿ ಗಾಯಕಿ ಭಾನು. ಶಿವರಂಜಿನಿಗೆ ಒಡಹುಟ್ಟಿದ ಅಕ್ಕನಂಥವಳು, ವರ್ಷಗಟ್ಟಲೆ ಜೊತೆಗೆ ಉಂಡು, ಒಂದೇ ವ್ಯಾನಿನಲ್ಲಿ ತೂಕಡಿಸಿದವಳು.

"ಸಾರ್, ಕೀಬೋರ್ಡ್ ಶ್ರುತಿ ಯಾಕ್ ಏರುಸ್ತೀರಿ?"

"ಏನು ಮಾತಾಡ್ತಿದ್ದೀಯಾ ನೀನು?"

"ನನ್ ತಂತಿಗೆ ಬೀಗ ಬಿದ್ದದೆ ಸಾರ್. ಅದು ಅಳ್ಳಾಡಂಗಿಲ್ಲ. ಅಂಗಾರೆ ಅಳ್ಳಾಡಿದ್ದು ಯಾವ್ದು?"

ಅವರು ಲೋಟ ಕೆಳಗಿಟ್ಟು, ಟವೆಲಿನಿಂದ ಬಾಯಿ ಒರೆಸಿಕೊಂಡರು. ಬೈಯುತ್ತಾರೆ ಎಂದುಕೊಂಡಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಕೊಳ್ಳೇಗಾಲದ ಪ್ರೋಗ್ರಾಮ್ ಆದ್ಮೇಲೆ ಮೈಸೂರಿನ ಟ್ರೂಪಿನೋರು ನಿನ್ನ ಕೇಳ್ಕೊಂಡು ಬಂದಿದ್ರು" ಎಂದರು ನೆಲ ನೋಡುತ್ತಾ. "ಶ್ರುತಿ ನಿಲ್ಲಲ್ಲ ಆ ಹುಡುಗೀದು, ಬಂದು ಕೇಳಿ ಬೇಕಾದ್ರೆ ಅಂದೆ. ಬರ್ತೀವಿ ಅಂದ್ರು. ಅವರು ಬಂದ ದಿನ ಒಂದು ಸಲ ಶ್ರುತಿ ಏರಿಸಿದೆ. ಅವರು ಹೊರಟುಹೋದ್ರು. ಆಮೇಲೆ ಬಿಡಕ್ಕಾಗ್ಲಿಲ್ಲ ಮಗು. ಜನ ನಿನ್ನ ಹೆಸರು ಕೂಗ್ತಾ ಇದ್ರು. ನೀನು ಹೋಗ್ಬಿಟ್ರೆ ನನ್ನ ಟ್ರೂಪಲ್ಲಿ ಏನಿತ್ತು?"

"ಇಲ್ಲೇ ಇರು ಮಗು ಅಂದಿದ್ರೆ ಇರ್ತಿದ್ನಲ್ಲ ಸಾರ್."

ಅವರು ಕೆಳಗಿಟ್ಟ ಲೋಟವನ್ನು ಮತ್ತೆ ಎತ್ತಿಕೊಂಡರು. ಶಿವರಂಜಿನಿ ಭಾನುವಿನ ಕಡೆ ತಿರುಗಿದಳು. ಭಾನು ಆಶ್ಚರ್ಯಪಟ್ಟಿರಲಿಲ್ಲ. ಅವಳು ಸೆರಗಿನ ಅಂಚು ತಿರುವುತ್ತಿದ್ದಳು.

"ಅಕ್ಕ, ನಿಂಗೂ ಗೊತ್ತಿತ್ತಾ?"

"ಪಕ್ಕದಲ್ಲೇ ನಿಂತಿರ್ತೀನಲ್ಲಮ್ಮಿ" ಎಂದಳು ಭಾನು, ಕೇಳಿಯೂ ಕೇಳಿಸದ ದನಿಯಲ್ಲಿ. "ಮಾಸ್ಟ್ರು ಎದುರ್ಗೆ ನಾನೇನ್ ಏಳ್ಲಿ? ನಂಗೂ ಮಕ್ಳವೆ."

ಮದುವೆ ಮನೆಯವರು ಕರೆದರು. ಹೆಣ್ಣು ಗಂಡು ಇನ್ನೂ ಕುರ್ಚಿಯಲ್ಲಿದ್ದರು, ಜನ ಕಾಯುತ್ತಿದ್ದರು. ಅವರದೇನು ತಪ್ಪು? ಶಿವರಂಜಿನಿ ಗಿಟಾರ್ ಹೆಗಲಿಗೇರಿಸಿ, ಈ ಸಲ ಮುಂದೆ ಬಂದು ನಿಂತಳು. ಕುಮಾರಸ್ವಾಮಿಯವರ ಎಡಗೈ ಆ ಗುಂಡಿಗಳ ಬಳಿ ಸುಳಿಯಲಿಲ್ಲ. ಅವಳು ತನಗೆ ಬರುತ್ತಿದ್ದದ್ದನ್ನೆಲ್ಲ ನುಡಿಸಿದಳು, ಕಡ್ಡಿ ಒತ್ತಿ ಸ್ವರವನ್ನು ಪಾತಾಳಕ್ಕೆ ಇಳಿಸಿ ಎತ್ತಿ ತಂದಳು, ಅದು ಬಂದು ಕೀಬೋರ್ಡಿನ ಸ್ವರದೊಳಗೆ ಹಾಲಿಗೆ ಹಾಲು ಬೆರೆತ ಹಾಗೆ ಬೆರೆಯಿತು. ಜನ ಎದ್ದು ನಿಂತು ಶಿಳ್ಳೆ ಹೊಡೆದರು. ಇಷ್ಟು ವರ್ಷ ಇದು ಹೀಗೇ ಇರಬಹುದಾಗಿತ್ತು ಎಂದು ಅನ್ನಿಸಿದಾಗ ಅವಳಿಗೆ ಚಪ್ಪಾಳೆ ಮೈಮೇಲೆ ಕಲ್ಲು ಬಿದ್ದ ಹಾಗಾಯಿತು. ಮುಗಿದ ಕೂಡಲೇ ಗಿಟಾರ್ ಚೀಲಕ್ಕೆ ಹಾಕಿ, ಯಾರಿಗೂ ಹೇಳದೆ ಬಸ್‌ಸ್ಟ್ಯಾಂಡಿಗೆ ನಡೆದಳು. ಮತ್ತೆ ಆ ಟ್ರೂಪಿಗೆ ಕಾಲಿಡಲಿಲ್ಲ.

ಅಣ್ಣನ ಹತ್ತಿರ ಹೋಗಿ ಅತ್ತಳು. "ಬುಡು ಕಣಮ್ಮಿ, ಬೈದ್ರೆ ಬೈದೆ. ನಾನ್ ತಾನೆ" ಎಂದ ಶಿವರಾಮು. ಚಾಮರಾಜನಗರಕ್ಕೆ ಹೋಗಿ ಕುಮಾರಸ್ವಾಮಿಯನ್ನು ವಿಚಾರಿಸಿಕೊಂಡು ಬರುತ್ತೇನೆಂದು ಹೊರಟವನನ್ನು ಅವಳೇ ತಡೆದಳು. ಭಾನು ಅನೇಕ ಸಲ ಫೋನ್ ಮಾಡಿದಳು. ಶಿವರಂಜಿನಿ ಎತ್ತಲಿಲ್ಲ. ಮೈಸೂರಿನ ಟ್ರೂಪಿನವರನ್ನು ವಿಚಾರಿಸಿದಳು. ಅವರಿಗೆ ಆಗಲೇ ಬೇರೆ ಗಿಟಾರಿನವನು ಸಿಕ್ಕಿದ್ದ.

ಈಗ ಅವಳು ಗುಂಡ್ಲುಪೇಟೆಯ ಹುಡುಗರ ಸಣ್ಣ ತಂಡವೊಂದರಲ್ಲಿ ನುಡಿಸುತ್ತಾಳೆ. ಗುಂಡ್ಲುಪೇಟೆಯಾಚೆಯ ಮದ್ದೂರಿನ ಕಾಡು ದಾಟಿ ಕೇರಳದ ಕಡೆಗೂ ಹೋಗುತ್ತಾರೆ. ರಾತ್ರಿ ಆ ರಸ್ತೆ ಮುಚ್ಚುವುದರಿಂದ ಅಲ್ಲೇ ಉಳಿದು ಬೆಳಿಗ್ಗೆ ಬರಬೇಕು, ಆ ದಿನ ಡೇರಿಗೆ ರಜೆ. ಚೆನ್ನಾಗಿ ನುಡಿಸುತ್ತಾಳೆ ಎಂದು ಎಲ್ಲರೂ ಹೇಳುತ್ತಾರೆ. ಅವಳಿಗೆ ಮಾತ್ರ ನಂಬಿಕೆ ಪೂರ್ತಿ ಮರಳಿಲ್ಲ. ಹಾಡಿನ ನಡುವೆ ಹತ್ತು ಸಲ ಆ ಹಸಿರು ದೀಪ ನೋಡುತ್ತಾಳೆ. ಕಿವಿ ಸರಿಯೆಂದು ಹೇಳಿದ್ದನ್ನೂ ಕಣ್ಣಿನಿಂದ ಇನ್ನೊಮ್ಮೆ ಕೇಳಿ ತಿಳಿಯಬೇಕು. ತಂಡದ ಕೀಬೋರ್ಡ್ ಹುಡುಗ ಪಾಪದವನು, ಅವನ ಎಡಗೈ ಪರದೆಯ ಹತ್ತಿರ ಹೋದರೆ ಸಾಕು, ಇವಳ ಬೆರಳು ತಣ್ಣಗಾಗುತ್ತದೆ.

ಮೊನ್ನೆ ಕೇರಳದ ಸುಲ್ತಾನ್ ಬತ್ತೇರಿಯಲ್ಲಿ ಕಾರ್ಯಕ್ರಮ ಮುಗಿದಾಗ, ಅಲ್ಲಿನ ಆಯೋಜಕರ ಹೆಂಡತಿ ಕೈ ಹಿಡಿದುಕೊಂಡು, ತಮಗೆ ಬರುವಷ್ಟು ಕನ್ನಡದಲ್ಲಿ, 'ಮಗಳೇ' ಎಂಬುದನ್ನು ಮಾತ್ರ ಮಲಯಾಳದಲ್ಲೇ ಉಳಿಸಿ, "ಎಷ್ಟು ಚಂದ ಮೋಳೇ. ಯಾರು ಕಲಿಸಿದ್ದು?" ಎಂದು ಕೇಳಿದರು.

ಶಿವರಂಜಿನಿ ಚೀಲದ ಜಿಪ್ ಎಳೆಯುತ್ತಿದ್ದಳು. ಸುಳ್ಳು ಹೇಳಬಹುದಾಗಿತ್ತು. ಅಪ್ಪನ ಹೆಸರು ಹೇಳಿದ್ದರೂ ಯಾರೂ ಬೇಡವೆನ್ನುತ್ತಿರಲಿಲ್ಲ.

"ಚಾಮರಾಜನಗರದ ಕುಮಾರಸ್ವಾಮಿ ಸಾರ್" ಎಂದಳು. ಹೇಳಿದ ಮೇಲೆ ನಾಲಿಗೆಯೆಲ್ಲ ಕಹಿಯಾಯಿತು. ಆ ಹೆಂಗಸು ಇನ್ನೇನನ್ನೋ ಕೇಳುವ ಮೊದಲೇ ಗಿಟಾರ್ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದಳು.